ನಿತ್ಯಜೀವನದ ಚರಿತ್ರೆ: ವಸ್ತುವಿನ ಸಾಕ್ಷ್ಯ ಮತ್ತು ಮಾತಿನ ಸಾಕ್ಷ್ಯ

೧

ಅರಸರ ಚರಿತ್ರೆಗೆ ಶಾಸನವುಂಟು, ತಾಮ್ರಪಟವುಂಟು, ನಾಣ್ಯವುಂಟು, ಆಸ್ಥಾನಕವಿಗಳ ಕಾವ್ಯವುಂಟು. ನೂರು ವರ್ಷಗಳ ಹಿಂದೆ ಕನ್ನಡನಾಡಿನ ಒಂದು ಹಳ್ಳಿಯ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಏನೇನು ನಡೆಯುತ್ತಿತ್ತು, ಹಿಟ್ಟು ಹೇಗಾಗುತ್ತಿತ್ತು, ನೀರನ್ನು ಯಾರು ತರುತ್ತಿದ್ದರು, ಮೊದಲು ಉಂಡವರು ಯಾರು, ಉಳಿದುದನ್ನು ಉಂಡವರು ಯಾರು ಎಂಬುದಕ್ಕೆ ಆಧಾರವೇನೆಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಆತಕೂರಿನ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಯ ಹೆಸರನ್ನು ಇಂದಿಗೂ ಉಳಿಸಿದೆ. ಆ ನಾಯಿಗೆ ಅನ್ನವಿಕ್ಕಿದವರ ಹೆಸರನ್ನು ಉಳಿಸಿಲ್ಲ. ದೂರದ ಕಾಲದ ವಿಷಯದಲ್ಲಿ ಈ ಕೊರತೆಗೆ ಪರಿಹಾರವಿಲ್ಲ. ಆದರೆ ಹತ್ತಿರದ ಕಾಲದ, ಎಂದರೆ ಈಚಿನ ನೂರು ನೂರಿಪ್ಪತ್ತು ವರ್ಷಗಳ ನಿತ್ಯಜೀವನದ ವಿಷಯದಲ್ಲಿ ಎರಡು ಬಗೆಯ ಸಾಕ್ಷ್ಯಗಳು ಹೇರಳವಾಗಿ ಉಳಿದಿವೆ. ಒಂದು ವಸ್ತುವಿನ ಸಾಕ್ಷ್ಯ, ಅದರ ನೆಲೆ ವಸ್ತುಸಂಗ್ರಹಾಲಯ. ಇನ್ನೊಂದು ಮಾತಿನ ಸಾಕ್ಷ್ಯ, ಅದರ ನೆಲೆ ಸಾಹಿತ್ಯ. ವಿದ್ಯಾರ್ಥಿಗೆ ಅದು ದೊರೆಯುವ ಸ್ಥಳ ತರಗತಿ.

ಈ ಎರಡು ಸಾಕ್ಷ್ಯಗಳನ್ನೂ ಇಂದು ಒಂದರಿಂದೊಂದನ್ನು ಬೇರ್ಪಡಿಸಿ ವಿಚಾರಿಸುವುದು ರೂಢಿಯಾಗಿದೆ. ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡಿ ಬರುತ್ತಾರೆ. ಉಳಿದ ದಿನಗಳಲ್ಲಿ ತರಗತಿಯಲ್ಲಿ ಕಥೆ ಕಾದಂಬರಿಗಳನ್ನು ಓದುತ್ತಾರೆ. ಅಲ್ಲಿ ನೋಡಿದ್ದಕ್ಕೂ ಇಲ್ಲಿ ಓದಿದ್ದಕ್ಕೂ ಸಂಬಂಧವೇರ್ಪಡುವುದು ಅಪರೂಪ. ಸಂಬಂಧವೇರ್ಪಡದೆ ಹೋದುದರಿಂದ ಆಗುವ ನಷ್ಟ ತಿಳಿವಳಿಕೆಯ ನಷ್ಟ ಮಾತ್ರವಲ್ಲ. ಅದರಿಂದ ಚರಿತ್ರೆಯೇ ಒಂದು ಕಡೆಗೆ ವಾಲುತ್ತದೆ. ಅದು ಯಾವ ಕಡೆಗೆ, ಏತಕ್ಕಾಗಿ ಎಂಬುದನ್ನು ಕೆಲವು ಉದಾಹರಣೆಗಳ ಮೂಲಕ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ವಸ್ತುಸಂಗ್ರಹಾಲಯಗಳ ಮಾತು. ಬೆಂಗಳೂರಿನ ಸಂಗ್ರಹಾಲಯ ೧೮೬೫ರಲ್ಲಿ ಸ್ಥಾಪಿತವಾದಾಗ ಅಂಥ ಸಂಸ್ಥೆಗಳ ಗಮನವೆಲ್ಲ ಶಿಲ್ಪ, ಶಾಸನ, ನಾಣ್ಯ, ಖನಿಜ, ಪ್ರಾಣಿಗಳ ಕಡೆಗೆ ಇದ್ದಿತು. ಒನಕೆ, ಮೊರ, ಕೂರಿಗೆ, ಕುಡುಗೋಲುಗಳು ಎಲ್ಲರ ಮನೆಯಲ್ಲಿಯೂ ಇದ್ದುವಾದ್ದರಿಂದ ಅವನ್ನು ಕೂಡಿಡಬೇಕೆಂದು ಯಾರಿಗೂ ತೋರಲಿಲ್ಲ. ನಿತ್ಯದ ವಸ್ತು ಕಣ್ಮರೆಯಾಗತೊಡಗಿದ ಮೇಲೆಯೇ ಅದು ಸಂಗ್ರಹಯೋಗ್ಯವಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ೧೯೬೮ರಲ್ಲಿ ಹುಟ್ಟಿತು. ಜೀ. ಶಂ. ಪರಮಶಿವಯ್ಯನವರೂ ಪಿ. ಆರ್. ತಿಪ್ಪೇಸ್ವಾಮಿಯವರೂ ಹಳ್ಳಿಹಳ್ಳಿಗಳಿಂದ ತಂದ ವಸ್ತುಗಳು ನೆಲೆಗೊಂಡುದು ಜಯಲಕ್ಷ್ಮೀ ವಿಲಾಸದಲ್ಲಿ; ಅದಾದರೋ ಮೈಸೂರಿನ ರಾಜಕುಮಾರಿಯೊಬ್ಬರಿಗಾಗಿ ಕಟ್ಟಿಸಿದ್ದ ಮಹಲು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ೧೯೯೪ರಲ್ಲಿ ತೆರೆಯಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಂಜೂರಿನ ಚೌಕಿಮನೆಯೇ ಮೊದಲಾದ ಮನೆಗಳನ್ನು ಇಡಿಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಇವರೆಲ್ಲರ ದುಡಿಮೆ ಇಲ್ಲದಿದ್ದಲ್ಲಿ ಇಂದು ಚರ್ಚಿಸುವುದಕ್ಕೆ ವಸ್ತುವೇ ಇರುತ್ತಿರಲಿಲ್ಲ. ಮುಂದೆ ಹೇಳತಕ್ಕ ಆಕ್ಷೇಪಗಳು ಆ ದುಡಿಮೆಗೆ ಸಂಬಂಧಿಸಿದವುಗಳಲ್ಲ; ವಸ್ತುವಿನ ಸ್ವಭಾವಕ್ಕೂ ಅದನ್ನು ನೋಡುವ ಬಗೆಗೂ ಸಂಬಂಧಿಸಿದವು.

ವಸ್ತುವಿನ ಸ್ವಭಾವವೆಂದರೆ ಮೌನ. ಬೀಸುವ ಕಲ್ಲನ್ನು ನೋಡಬಹುದು. ಕೆಳಗಿನ ಕಲ್ಲಿನ ನಡುವೆ ನಿಂತ ಗೂಟ, ಮೇಲಿನ ಕಲ್ಲಿನ ಬಾಯಿ, ಅಂಚಿನಲ್ಲಿ ಹಿಡಿಯುವ ಕೋಲು ಇವೆಲ್ಲವೂ ಕಣ್ಣಿಗೆ ಕಾಣುತ್ತವೆ. ಆದರೆ ಅದರ ಭಾರ ಕಾಣುವುದಿಲ್ಲ. ಹಿಡಿ ಹಿಡಿಯಾಗಿ ಜೋಳ ಹಾಕುತ್ತ ಒಂದು ಮನೆಯ ಒಂದು ದಿನದ ಹಿಟ್ಟಿಗೆ ಎಷ್ಟು ಸುತ್ತು ತಿರುಗಿಸಬೇಕು, ಕೋಳಿ ಕೂಗುವ ಮುನ್ನವೇ ಏಳಬೇಕಾದವರು ಯಾರು, ಎಷ್ಟು ದಿನಕ್ಕೊಮ್ಮೆ ಉಳಿಯಿಂದ ಕಲ್ಲಿಗೆ ಕಚ್ಚು ಹಾಕಿಸಬೇಕು ಎಂಬುದು ಕಾಣುವುದಿಲ್ಲ. ತೊಳೆದು ಒರಸಿ ಕಟ್ಟೆಯ ಮೇಲಿಟ್ಟ ಕಲ್ಲು ನೋಟಕ್ಕೆ ಚೆಲುವಾಗಿರುತ್ತದೆ. ಕೆಲಸದಿಂದ ಬಿಡುಗಡೆ ಹೊಂದಿದ ವಸ್ತುಗಳೆಲ್ಲ ಚೆಲುವಾಗಿಯೇ ತೋರುತ್ತವೆ. ಆ ಚೆಲುವೇ ನೋಡುವವನನ್ನು ದಾರಿತಪ್ಪಿಸುವುದು. ಹಿಂದಿನವರ ಬಾಳು ಎಷ್ಟು ಸರಳ, ಎಷ್ಟು ಸುಂದರ ಎಂಬ ಉದ್ಗಾರ ಅಲ್ಲಿಂದ ಹೊರಡುತ್ತದೆ.

ಅದೇ ಕಲ್ಲಿಗೆ ಒಂದು ಬಾಯಿ ಇದ್ದಿತು. ಅದು ಬೇರೊಂದು ಕಡೆ ಉಳಿದಿದೆ. ಜೋಳದ ನಾಡಾದ ವಿಜಯಪುರದ ಸೀಮೆಯಲ್ಲಿ ಹಲಸಂಗಿಯ ಗೆಳೆಯರು ಕೂಡಿಸಿ ೧೯೩೧ರಲ್ಲಿ ಹೊರತಂದ ‘ಗರತಿಯ ಹಾಡು’ ಎಂಬ ಸಂಗ್ರಹದಲ್ಲಿ ಬೀಸುವಾಗ ಹಾಡುತ್ತಿದ್ದ ತ್ರಿಪದಿಗಳು ದಾಖಲಾಗಿವೆ. ತವರಿನ ನೆನಪು, ಅಣ್ಣತಮ್ಮಂದಿರ ದಾರಿ ಕಾಯುವುದು, ಅತ್ತೆಯ ಮನೆಯ ಬಿರುಸು, ಕೂಸಿನ ಮೇಲಣ ಮೋಹ ಇವೆಲ್ಲ ಕಲ್ಲಿನ ಮುಂದೆ ಕುಳಿತವಳ ಬಾಯಿಂದ ಬಂದ ಮಾತುಗಳು. ಹಿಟ್ಟಿನ ಗಿರಣಿ ಊರೂರಿಗೆ ಬಂದಾಗ ಕಲ್ಲಿಗೂ ಹಾಡಿಗೂ ಇದ್ದ ಸಂಬಂಧ ಕಡಿಯಿತು. ಕಲ್ಲು ವಸ್ತುಸಂಗ್ರಹಾಲಯಕ್ಕೆ ಹೋಯಿತು, ಹಾಡು ಪುಸ್ತಕಕ್ಕೆ ಹೋಯಿತು. ತರಗತಿಯಲ್ಲಿ ಆ ತ್ರಿಪದಿಯ ಗತಿಯೇನು? ಅದಕ್ಕೆ ಪ್ರಸ್ತಾರ ಹಾಕಿಸುತ್ತಾರೆ. ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ಬರೆಯಿಸುತ್ತಾರೆ. ಇದು ತಪ್ಪಲ್ಲ. ಛಂದಸ್ಸು ಕಲ್ಲಿನ ಸುತ್ತಿನಿಂದಲೇ ಹುಟ್ಟಿತೆಂದು ಹೇಳುವುದೂ ಸರಿಯಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ. ಶ. ೭೦೦ರಲ್ಲಿಯೇ, ತ್ರಿಪದಿ ಕಾಣಿಸಿಕೊಂಡಿದೆ. ಆದರೆ ಗಣವನ್ನು ಎಣಿಸಬಲ್ಲ ವಿದ್ಯಾರ್ಥಿಗೆ, ಈ ಹಾಡನ್ನು ಹಾಡಿದವಳ ಕೈ ಆಗ ಏನು ಮಾಡುತ್ತಿದ್ದಿತೆಂಬುದು ತಿಳಿಯದಿದ್ದರೆ, ಅವನು ಪದ್ಯವನ್ನು ಅರ್ಧ ಮಾತ್ರ ಓದಿದಂತಾಯಿತು. ಉಳಿದರ್ಧ ಕಟ್ಟೆಯ ಮೇಲಿನ ಕಲ್ಲಿನಲ್ಲಿದೆ.

೩

ಎರಡನೆಯ ಉದಾಹರಣೆ ಕೊಳಗ. ಹಳ್ಳಿಯ ಬದುಕನ್ನು ಕುರಿತ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುವ ಮಾತು ಇದು. ಪಠ್ಯಪುಸ್ತಕದ ಕೊನೆಯಲ್ಲಿ ಇಂಥ ಮಾತಿಗೆ ಕೊಡುವ ಅರ್ಥ ಸಾಮಾನ್ಯವಾಗಿ ‘ಒಂದು ಅಳತೆ’ ಎಂದು. ಈ ಅರ್ಥ ಸುಳ್ಳಲ್ಲ. ಆದರೆ ಅದರಿಂದ ತಿಳಿಯುವುದೇನೂ ಇಲ್ಲ. ಸೇರು, ಬಳ್ಳ, ಕೊಳಗ, ಖಂಡುಗ ಇವುಗಳು ಒಂದು ಸಾಲಿನ ಮಾತುಗಳು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೆಳಗಿನ ಅಳತೆಗಳ ಲೆಕ್ಕ ಸೀಮೆಯಿಂದ ಸೀಮೆಗೆ ಬೇರೆ ಬೇರೆಯಾಗಿತ್ತು. ಅಷ್ಟೇ ಅಲ್ಲದೆ ಖಂಡುಗವೆಂಬುದು ಧಾನ್ಯದ ಅಳತೆಯೂ ಹೌದು, ನೆಲದ ಅಳತೆಯೂ ಹೌದು. ಒಂದು ಖಂಡುಗ ಬೀಜ ಬಿತ್ತುವಷ್ಟು ನೆಲವೇ ಒಂದು ಖಂಡುಗದ ಗದ್ದೆ. ನೆಲವನ್ನು ಹಗ್ಗದಿಂದಲ್ಲದೆ ಬೀಜದಿಂದ ಅಳೆದ ಜನರ ಮನಸ್ಸು ಈ ಒಂದು ಮಾತಿನಲ್ಲಿ ಅಡಗಿದೆ. ನೆಲವೆಂದರೆ ಅವರಿಗೆ ಹರವಲ್ಲ, ಬೆಳೆ.

ವಸ್ತುಸಂಗ್ರಹಾಲಯದಲ್ಲಿ ಕೊಳಗವನ್ನು ಕಂಡ ವಿದ್ಯಾರ್ಥಿಗೆ ಅದರ ಗಾತ್ರ ತಿಳಿಯುತ್ತದೆ. ಇದು ನಿಘಂಟು ಕೊಡಲಾರದ ತಿಳಿವಳಿಕೆ. ಆದರೆ ಕೊಳಗದ ಕಥೆ ಗಾತ್ರದಲ್ಲಿಯೇ ಮುಗಿಯುವುದಿಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ವಾಡಿಕೆಯಿದ್ದಿತು. ಅಳೆಯುವವನು ಕೊಳಗದ ಬಾಯಿಯನ್ನು ಕೈಯಿಂದ ಸವರಿ ಮಟ್ಟ ಮಾಡಿದನೋ, ಕಾಳು ಗೋಪುರವಾಗಿ ನಿಲ್ಲುವಂತೆ ತುಂಬಿದನೋ ಎಂಬುದರ ಮೇಲೆ ಒಂದು ಸಂಸಾರದ ವರ್ಷದ ಊಟ ನಿಂತಿತ್ತು. ಗೇಣಿಯ ಧಾನ್ಯವನ್ನು ಅಳೆಸಿಕೊಳ್ಳುವ ಒಡೆಯನಿಗೂ ಅಳೆದುಕೊಡುವ ಒಕ್ಕಲಿಗೂ ಒಂದೇ ಕೊಳಗ ಒಂದೇ ವಸ್ತುವಾಗಿರಲಿಲ್ಲ. ೧೯೫೬ರ ಅಳತೆ ತೂಕಗಳ ಕಾಯಿದೆಯ ತರುವಾಯ ಕೊಳಗ ಹಂತಹಂತವಾಗಿ ಪೇಟೆಯನ್ನು ಬಿಟ್ಟಿತು. ಕರ್ನಾಟಕದಲ್ಲಿ ೧೯೭೪ರ ಭೂಸುಧಾರಣೆಯ ತಿದ್ದುಪಡಿ ಗೇಣಿಯ ಪದ್ಧತಿಯನ್ನೇ ತೆಗೆದುಹಾಕಿತು. ಹೀಗೆ ಕೊಳಗ ಎರಡು ಸಲ ಬಳಕೆ ತಪ್ಪಿದೆ, ಮೊದಲು ಅಳತೆಯಾಗಿ, ಆಮೇಲೆ ಅಧಿಕಾರವಾಗಿ. ‘ಕೊಳಗ, ಹಿತ್ತಾಳೆ’ ಎಂದು ಬರೆದ ಚೀಟಿಯಾಗಲಿ ‘ಒಂದು ಅಳತೆ’ ಎಂದು ಬರೆದ ಟಿಪ್ಪಣಿಯಾಗಲಿ ಈ ಎರಡನೆಯ ಸಂಗತಿಯನ್ನು ಹೇಳುವುದಿಲ್ಲ.

ನಾಣ್ಯಗಳ ವಿಷಯವೂ ಹೀಗೆಯೇ. ೧೯೫೭ನೆಯ ಇಸವಿ ಏಪ್ರಿಲ್ ೧ರಿಂದ ದಶಮಾಂಶ ನಾಣ್ಯ ಬಂದಿತು. ಅದಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಕಾಸು. ಎಂದರೆ ರೂಪಾಯಿಗೆ ೧೯೨ ಕಾಸು. ಹಳೆಯ ಕಥೆಯೊಂದರಲ್ಲಿ ಮುಕ್ಕಾಸಿಗಾಗಿ ಜಗಳವಾದರೆ ಇಂದಿನ ಓದುಗನು ನಗುತ್ತಾನೆ. ಜಗಳವಾಡಿದವರು ನಗುತ್ತಿರಲಿಲ್ಲ. ಆ ನಗುವನ್ನು ತಡೆಯುವುದು ಉಪಾಧ್ಯಾಯನ ಕೆಲಸ; ನಾಣ್ಯವನ್ನು ತೋರಿಸಿದ ಮಾತ್ರಕ್ಕೆ ಅದು ನಿಲ್ಲದು, ಅದರ ಬೆಲೆಗೆ ಏನು ದೊರೆಯುತ್ತಿತ್ತೆಂದು ಅದೇ ಕಾಲದ ಬರಹದಿಂದ ತೋರಿಸಬೇಕು.

೪

ಇಲ್ಲಿಯವರೆಗೆ ಹೇಳಿದುದು ವಸ್ತುವೂ ಮಾತೂ ಒಂದನ್ನೊಂದು ತುಂಬಿಕೊಡುವ ಬಗೆ. ಇದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ವಸ್ತುಸಂಗ್ರಹಾಲಯಕ್ಕೆ ವಸ್ತುಗಳು ಬಂದುದು ಯಾರ ಮನೆಗಳಿಂದ?

ಉಳಿಯುವುದಕ್ಕೆ ಒಂದು ವಸ್ತು ಮೊದಲು ಇರಬೇಕು, ಆಮೇಲೆ ಹೆಚ್ಚಾಗಿರಬೇಕು. ಹಿತ್ತಾಳೆಯ ಹಂಡೆ, ಕೆತ್ತನೆಯ ಬಾಗಿಲುವಾಡ, ತೂಗುಮಂಚ, ಬೀಟೆಯ ಪೆಟ್ಟಿಗೆ ಇವು ಮೂರು ತಲೆಮಾರು ಬಾಳುತ್ತವೆ, ಅಟ್ಟ ಸೇರಿ ಧೂಳು ಹಿಡಿಯುತ್ತವೆ, ಕೊನೆಗೆ ಸಂಗ್ರಹಕಾರನ ಕೈಗೆ ಬರುತ್ತವೆ. ಬಡವನ ಮನೆಯಲ್ಲಿ ಅಟ್ಟವಿಲ್ಲ. ಅವನ ಮಡಕೆ ಒಡೆಯಿತು; ಕಂಬಳಿ ನೂಲಾಗಿ ಹರಿಯಿತು; ಪೊರಕೆ ಮೋಟಾಗಿ ಒಲೆಗೆ ಹೋಯಿತು; ಹುಲ್ಲಿನ ಮಾಡನ್ನು ವರ್ಷ ವರ್ಷವೂ ಹೊಸದಾಗಿ ಹೊದಿಸಿದರು. ಚೌಕಿಮನೆಯನ್ನು ಬಿಚ್ಚಿ ತರಬಹುದು. ಗುಡಿಸಲನ್ನು ಬಿಚ್ಚಿದರೆ ಕೈಗೆ ಬರುವುದು ಕೊಳೆತ ಹುಲ್ಲು. ಆದುದರಿಂದ ಸಂಗ್ರಹಕಾರನಿಗೆ ಯಾವ ಪಕ್ಷಪಾತವೂ ಇಲ್ಲದಿದ್ದಾಗಲೂ, ನಿತ್ಯಜೀವನದ ವಸ್ತುಸಂಗ್ರಹಾಲಯ ಉಳ್ಳವರ ನಿತ್ಯಜೀವನದ ಸಂಗ್ರಹಾಲಯವಾಗುವ ಕಡೆಗೆ ತಾನಾಗಿ ವಾಲುತ್ತದೆ. ವಸ್ತುವನ್ನು ಪೂರ್ತಿಯಾಗಿ ಸವೆಯಿಸಿ ಮುಗಿಸಿದವರು ಚರಿತ್ರೆಗೆ ಏನನ್ನೂ ಬಿಟ್ಟುಹೋಗಲಿಲ್ಲ.

ಈ ತೆರವನ್ನು ತುಂಬಬಲ್ಲದ್ದು ಸಾಹಿತ್ಯ. ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಸ್ಮಾರಕವಾಗಿ ಕಾಪಾಡಿದ್ದಾರೆ. ಮಲೆನಾಡಿನ ದೊಡ್ಡ ಮನೆಯೊಂದರ ಕಂಬ, ಅಂಗಳ, ಅಡುಗೆಮನೆ, ಪಾತ್ರೆ ಪದಾರ್ಥಗಳನ್ನು ಅಲ್ಲಿ ಕಣ್ಣಾರೆ ಕಾಣಬಹುದು. ೧೯೩೬ರ ‘ಕಾನೂರು ಹೆಗ್ಗಡಿತಿ’ಯನ್ನು ಓದಿದವರಿಗೆ ಆ ಮನೆ ಅರ್ಥಕೋಶವಿದ್ದಂತೆ. ಆದರೆ ೧೯೬೭ರ ‘ಮಲೆಗಳಲ್ಲಿ ಮದುಮಗಳು’ ಕೃತಿಯನ್ನು ಓದಿ ಅಲ್ಲಿಗೆ ಹೋದವನಿಗೆ ಒಂದು ಕೊರತೆ ಗೋಚರವಾಗದಿರದು. ಆ ಕಾದಂಬರಿಯಲ್ಲಿ ಹೆಗ್ಗಡೆಗಳ ಮನೆಗಳಿರುವಂತೆಯೇ ಅವುಗಳ ಸುತ್ತ ಜೀತದಾಳುಗಳ ಗುಡಿಸಲುಗಳೂ ಇವೆ. ನಾಯಿಗುತ್ತಿ, ತಿಮ್ಮಿ, ಐತ, ಪೀಂಚಲು ಇವರು ಕಥೆಯ ಅಂಚಿನಲ್ಲಿ ನಿಂತವರಲ್ಲ. ಕಥೆಯ ನಡುವೆ ನಡೆಯುವವರು. ಅವರು ಏನು ಹೊದೆಯುತ್ತಿದ್ದರು, ಏನನ್ನು ಹೊತ್ತು ಯಾವ ಗುಡ್ಡ ಹತ್ತಿದರು, ಯಾವ ಅಂಗಳದ ಎಷ್ಟು ದೂರದಲ್ಲಿ ನಿಂತು ಮಾತನಾಡಬೇಕಾಗಿತ್ತು ಎಂಬುದೆಲ್ಲ ಕಾದಂಬರಿಯಲ್ಲಿ ವಿವರವಾಗಿ ಉಳಿದಿದೆ. ಅಂಗಳ ಇನ್ನೂ ಇದೆ; ನಿಲ್ಲಬೇಕಾಗಿದ್ದ ದೂರ ಅಂಗಳದಲ್ಲಿ ಗುರುತಾಗಿಲ್ಲ. ದೂರವನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿಯೂ ಇಡಲಾಗದು. ಅದು ಉಳಿದಿರುವುದು ಮಾತಿನಲ್ಲಿ ಮಾತ್ರ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿಯೂ ಇದೇ ಬಗೆಯ ಸಾಕ್ಷ್ಯವುಂಟು. ಕಡಲ ಕರೆಯ ಒಂದು ಪುರೋಹಿತ ಸಂಸಾರದ ಮೂರು ತಲೆಮಾರಿನ ಕಥೆ ಅದು. ಆ ಮನೆಯಲ್ಲಿ ಪಾರೋತಿ, ಸರಸೋತಿಯರು ಗದ್ದೆಯಲ್ಲಿ ದುಡಿಯುತ್ತಾರೆ, ಮಳೆಗಾಲದ ನೆರೆಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಹಿಡಿಯುತ್ತಾರೆ. ಆ ಕಟ್ಟಿಗೆ ಒಲೆಗೆ ಹೋಯಿತು, ಬೂದಿಯಾಯಿತು. ಅದನ್ನು ಯಾವ ಸಂಗ್ರಹಾಲಯವೂ ತಂದಿಡಲಾರದು. ಆದರೆ ಒಂದು ಮನೆಯ ಒಲೆ ಉರಿಯುವುದಕ್ಕೆ ಇಬ್ಬರು ಹೆಂಗಸರು ತುಂಬಿದ ನೀರಿಗೆ ಇಳಿಯಬೇಕಾಗಿತ್ತೆಂಬ ಸಂಗತಿ ಆ ಕಾಲದ ನಿತ್ಯಜೀವನದ ಚರಿತ್ರೆಯಲ್ಲಿ ಯಾವ ಹಂಡೆಗಿಂತಲೂ ಕಡಿಮೆಯದಲ್ಲ.

ದೇವನೂರ ಮಹಾದೇವರ ‘ಒಡಲಾಳ’ವನ್ನು ಈ ದೃಷ್ಟಿಯಿಂದ ಓದಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಾಕವ್ವನ ಮನೆಯಲ್ಲಿ ಕಳೆದುಹೋದ ಒಂದು ಹುಂಜವೇ ದೊಡ್ಡ ಆಸ್ತಿ. ಒಂದು ರಾತ್ರಿ ಇಡೀ ಮನೆ ಕೂಡಿ ತಿಂದ ಕಡಲೆಕಾಯಿಯೇ ಹಬ್ಬ. ಪುಟ್ಟಗೌರಿ ಗೋಡೆಯ ಮೇಲೆ ಬರೆದ ನವಿಲೇ ಅಲಂಕಾರ. ಹುಂಜ ಸಿಕ್ಕಲಿಲ್ಲ, ಕಡಲೆಕಾಯಿ ಮುಗಿಯಿತು, ಮಣ್ಣಿನ ಗೋಡೆಯ ನವಿಲನ್ನು ಕಿತ್ತು ತರಲಾಗದು. ಆ ಮನೆಯಿಂದ ವಸ್ತುಸಂಗ್ರಹಾಲಯಕ್ಕೆ ಕೊಂಡೊಯ್ಯಬಹುದಾದದ್ದು ಏನೂ ಇಲ್ಲವೆಂದೇ ಹೇಳಬೇಕು. ಏನೂ ಇಲ್ಲದ ಮನೆಗೆ ಕಥೆಯೇ ವಸ್ತುಸಂಗ್ರಹಾಲಯ.

೫

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಕಾದಂಬರಿ ಕಲ್ಪನೆಯಲ್ಲವೆ? ಕಲ್ಪಿತವಾದುದನ್ನು ಸಾಕ್ಷ್ಯವೆಂದು ಒಪ್ಪುವುದು ಹೇಗೆ? ಕಲ್ಲು ಮಾತನಾಡದಿದ್ದರೂ ಸುಳ್ಳನ್ನಂತೂ ಹೇಳುವುದಿಲ್ಲ; ಲೇಖಕನು ಹೇಳಬಹುದು.

ಆಕ್ಷೇಪದಲ್ಲಿ ಸತ್ಯವಿದೆ. ಆದುದರಿಂದಲೇ ಸಾಹಿತ್ಯದ ಸಾಕ್ಷ್ಯವನ್ನು ವಿವೇಚನೆಯಿಂದ ಬಳಸಬೇಕು. ಲೇಖಕನು ತೋರಿಸಬೇಕೆಂದು ವರ್ಣಿಸಿದುದಕ್ಕಿಂತ, ಪ್ರಸಂಗವಶಾತ್ ಹೇಳಿಹೋದುದು ಹೆಚ್ಚು ನಂಬಿಕೆಗೆ ಅರ್ಹ. ನಾಯಕನ ಗುಣ, ಕಥೆಯ ಮುಕ್ತಾಯ, ಹಳ್ಳಿಯ ಸೌಂದರ್ಯ ಇವು ಲೇಖಕನ ಉದ್ದೇಶಕ್ಕೆ ಒಳಪಟ್ಟವು. ಪಾತ್ರವೊಂದು ನೀರು ಕುಡಿಯುವಾಗ ಚೊಂಬನ್ನು ತುಟಿಗೆ ತಾಗಿಸಿತೋ ಎತ್ತಿ ಹೊಯ್ದುಕೊಂಡಿತೋ ಎಂಬುದು, ತನ್ನ ಕಾಲದ ಓದುಗರಿಗೆ ಗೊತ್ತೇ ಇದೆಯೆಂದು ಲೇಖಕನು ವಿವರಿಸದೆ ಬಿಟ್ಟದ್ದು. ವಿವರಣೆಯಿಲ್ಲದೆ ನಿಂತ ಇಂಥ ಮಾತುಗಳಲ್ಲಿಯೇ ನಿತ್ಯಜೀವನ ಅಚ್ಚಾಗಿ ಉಳಿದಿರುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಹಾಸ್ಯದ ಕೃತಿ. ಹಾಸ್ಯ ಸಂಗತಿಯನ್ನು ಹಿಗ್ಗಿಸುತ್ತದೆ. ಆದರೆ ಹಾಸ್ಯ ನಿಲ್ಲುವುದಕ್ಕೆ ಬೇಕಾದ ಹಿನ್ನೆಲೆಯನ್ನು ಅದು ಹಿಗ್ಗಿಸಲಾರದು. ಹಿಗ್ಗಿಸಿದರೆ ಅಂದಿನ ಓದುಗರು ನಗುತ್ತಲೇ ಇರಲಿಲ್ಲ.

ಕಲ್ಲು ಸುಳ್ಳು ಹೇಳುವುದಿಲ್ಲವೆಂಬ ಮಾತನ್ನೂ ಪೂರ್ತಿಯಾಗಿ ಒಪ್ಪಲಾಗದು. ಸವೆದ ಒಂದು ಕಲ್ಲಿನ ಪಕ್ಕದಲ್ಲಿ ಸವೆಯದ ಹತ್ತು ಹಂಡೆಗಳನ್ನಿಟ್ಟರೆ ಆ ಸಾಲು ಒಂದು ವಾದವನ್ನು ಮಂಡಿಸಿದಂತೆಯೇ. ಯಾವುದನ್ನು ಆರಿಸಿದರು, ಯಾವುದರ ಪಕ್ಕದಲ್ಲಿ ಇಟ್ಟರು, ಚೀಟಿಯಲ್ಲಿ ಏನು ಬರೆದರು ಎಂಬುದರಲ್ಲಿ ಕರ್ತೃವಿನ ಕೈ ಇದ್ದೇ ಇದೆ. ವಸ್ತುಸಂಗ್ರಹಾಲಯವೂ ಒಂದು ಕೃತಿ. ಕೃತಿಗೆ ಸಲ್ಲುವ ವಿಮರ್ಶೆ ಅದಕ್ಕೂ ಸಲ್ಲಬೇಕು.

ಇನ್ನು ಸಾಹಿತ್ಯಕ್ಕೂ ತನ್ನದೇ ಆದ ಮೌನವಿತ್ತೆಂಬುದನ್ನು ಮರೆಯಲಾಗದು. ಬಹುಕಾಲದವರೆಗೆ ಗುಡಿಸಲನ್ನು ಕುರಿತು ಬರೆದವರು ಗುಡಿಸಲಿನ ಹೊರಗೆ ನಿಂತವರು. ಒಳಗಿನವರ ಬರಹ ತಡವಾಗಿ ಬಂದಿತು. ಸಿದ್ಧಲಿಂಗಯ್ಯನವರ ‘ಊರು ಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಮೊದಲಾದ ಆತ್ಮಕಥನಗಳು ಬಂದ ಮೇಲೆ ಹಿಂದಿನ ದಶಕಗಳ ನಿತ್ಯಜೀವನದ ಚಿತ್ರವೇ ಬೇರೆಯಾಗಿ ಕಾಣತೊಡಗಿತು. ಹಳೆಯ ದಿನಗಳನ್ನು ಕಲಿಸುವ ತರಗತಿಗೂ ಹಳೆಯ ದಿನಗಳಿದ್ದುವೆಂಬುದು, ಯಾರು ಎಲ್ಲಿ ಕುಳಿತರು, ಯಾರನ್ನು ಹೇಗೆ ಕರೆದರು ಎಂಬುದೂ ಚರಿತ್ರೆಯೇ ಎಂಬುದು ಇಂಥ ಬರಹಗಳಿಂದಲೇ ತಿಳಿಯುತ್ತದೆ.

೬

ಹಾಗಾದರೆ ತರಗತಿಯಲ್ಲಿ ಮಾಡತಕ್ಕದ್ದೇನು? ಮಕ್ಕಳಿಗೆ ಪಂಚೆ ಸೀರೆ ಉಡಿಸಿ, ಬುಟ್ಟಿ ಮೊರಗಳನ್ನು ಜೋಡಿಸಿ, ಹಳ್ಳಿಯ ಬಾಳೆಂದು ಒಂದು ದಿನ ಮೆರೆಸುವುದು ಕೆಲವು ಕಡೆ ರೂಢಿಯಲ್ಲಿದೆ. ಅದರಿಂದ ಮಕ್ಕಳಿಗೆ ಸಂತೋಷವಾಗುವುದು ನಿಜ. ಆದರೆ ಮೊರವನ್ನು ಹಿಡಿದು ನಿಲ್ಲುವುದು ಬೇರೆ, ಕೇರುವುದು ಬೇರೆ. ಆ ದಿನ ಕಲಿತುದು ಉಡುಪನ್ನೇ ಹೊರತು ಬದುಕನ್ನಲ್ಲ.

ಇದಕ್ಕೆ ಬದಲಾಗಿ ಒಂದು ಪಾಠಕ್ಕೆ ಒಂದೇ ವಸ್ತುವನ್ನು ತೆಗೆದುಕೊಂಡರೆ ಸಾಕು. ಕೊಳಗ ಬರುವ ಒಂದು ಪುಟವನ್ನು ಓದಬೇಕು. ಸಾಧ್ಯವಾದರೆ ಕೊಳಗವನ್ನು ನೋಡಬೇಕು. ಅದರಲ್ಲಿ ಮರಳನ್ನಾದರೂ ತುಂಬಿ ಮಟ್ಟಕ್ಕೂ ಗೋಪುರಕ್ಕೂ ಇರುವ ವ್ಯತ್ಯಾಸವನ್ನು ಅಳೆದು ಬರೆದುಕೊಳ್ಳಬೇಕು. ಆಮೇಲೆ ಮನೆಯ ಹಿರಿಯರನ್ನು ಕೇಳಬೇಕು. ಮೂರು ಸಾಕ್ಷ್ಯಗಳೂ ಒಂದೇ ಮಾತನ್ನು ಹೇಳುವುದು ಅಪರೂಪ. ಅಜ್ಜಿಯ ನೆನಪು ಪುಸ್ತಕಕ್ಕೆ ವಿರುದ್ಧವಾಗಬಹುದು. ಒಂದು ಮಗುವಿನ ಅಜ್ಜ ಅಳೆಸಿಕೊಂಡವನಾಗಿರಬಹುದು, ಪಕ್ಕದಲ್ಲಿ ಕುಳಿತ ಮಗುವಿನ ಅಜ್ಜ ಅಳೆದುಕೊಟ್ಟವನಾಗಿರಬಹುದು. ಆ ಭೇದ ತರಗತಿಗೆ ಬಂದಾಗ ಉಪಾಧ್ಯಾಯನು ಅದನ್ನು ಮುಚ್ಚಿಡದೆ, ಯಾರನ್ನೂ ನೋಯಿಸದೆ ನಡೆಸಿಕೊಂಡುಹೋಗಬೇಕಾಗುತ್ತದೆ. ಇದು ಕಷ್ಟದ ಕೆಲಸ. ಚರಿತ್ರೆ ಕಲಿಸುವುದೆಂದರೆ ಈ ಕಷ್ಟವೇ.

ಯಾವ ವಸ್ತುವಿನ ಮುಂದೆಯಾದರೂ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಗಳು ಮೂರು. ಇದು ಯಾರ ಮನೆಯಿಂದ ಬಂದಿತು? ಇದನ್ನು ಸವೆಯಿಸಿದ ಕೈ ಯಾರದು? ಇದನ್ನು ಮುಟ್ಟಬಾರದೆಂದು ಯಾರಿಗೆ ಹೇಳಿದ್ದರು? ಮೊದಲನೆಯದಕ್ಕೆ ಸಂಗ್ರಹಾಲಯದ ದಾಖಲೆ ಉತ್ತರ ಕೊಡಬಹುದು. ಎರಡನೆಯದಕ್ಕೆ ಹಾಡು, ಕಥೆ, ಹಿರಿಯರ ನೆನಪು ಬೇಕು. ಮೂರನೆಯದಕ್ಕೆ ಉತ್ತರ ಹುಡುಕುವಾಗ ಸಾಹಿತ್ಯವಿಲ್ಲದೆ ದಾರಿಯೇ ಇಲ್ಲ. ಸಂಗ್ರಹಾಲಯಗಳವರು ಕೂಡ ಒಂದು ಕೆಲಸವನ್ನು ಮಾಡಬಹುದು. ಪ್ರತಿಯೊಂದು ಸಾಲಿನಲ್ಲಿಯೂ ಒಂದು ಕಟ್ಟೆಯನ್ನು ಬರಿದಾಗಿ ಬಿಟ್ಟು, ಅಲ್ಲಿ ಇರಬೇಕಾಗಿದ್ದು ಉಳಿಯದೆ ಹೋದ ವಸ್ತುವಿನ ಹೆಸರನ್ನೂ, ಅದು ಏಕೆ ಉಳಿಯಲಿಲ್ಲವೆಂಬುದನ್ನೂ, ಅದನ್ನು ಕುರಿತು ಯಾವ ಕೃತಿಯಲ್ಲಿ ಓದಬಹುದೆಂಬುದನ್ನೂ ಬರೆದಿಡಬಹುದು. ಹಾಗೆ ಮಾಡಿದಲ್ಲಿ ವಸ್ತುಸಂಗ್ರಹಾಲಯದಿಂದ ಪುಸ್ತಕಭಂಡಾರಕ್ಕೆ ಒಂದು ದಾರಿ ತೆರೆದಂತಾಗುತ್ತದೆ.

ಬೀಸುವ ಕಲ್ಲನ್ನು ಕಂಡವರು, ಬೀಸಿದವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರು ಇರುವವರೆಗೆ ವಸ್ತುವಿಗೂ ಮಾತಿಗೂ ನಡುವೆ ಒಂದು ಸೇತುವೆಯಿದೆ. ಅವರು ಹೋದ ಮೇಲೆ ಉಳಿಯುವುದು ಕಲ್ಲು ಒಂದು ಕಡೆ, ಪುಸ್ತಕ ಒಂದು ಕಡೆ. ಎರಡನ್ನೂ ಒಂದೆಡೆ ತರಬಲ್ಲ ಸ್ಥಳ ಆಗ ತರಗತಿಯೊಂದೇ. ಉಳ್ಳವರ ಮನೆಯನ್ನು ವಸ್ತುಗಳು ನೆನಪಿಟ್ಟುಕೊಳ್ಳುತ್ತವೆ. ಇಲ್ಲದವರ ಮನೆಯನ್ನು ನೆನಪಿಟ್ಟುಕೊಳ್ಳುವ ಹೊಣೆ ಕನ್ನಡವನ್ನು ಓದಿಸುವವರ ಮೇಲೆ ಬಿದ್ದಿದೆ.